ಸೆಂಗ್‌ಹೆನಿದ್ ಗಣಿ: ಗೊತ್ತಿದ್ದೂ ಬಾಕಿ ಉಳಿದ ಕೆಲಸಗಳು

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಚರಿತ್ರೆಯಲ್ಲಿ ಒಂದೇ ಅಪಘಾತಕ್ಕೆ ಅತಿ ಹೆಚ್ಚು ಜನ ಬಲಿಯಾದದ್ದು ವೇಲ್ಸ್ ಸೀಮೆಯ ಸೆಂಗ್‌ಹೆನಿದ್ ಎಂಬ ಸಣ್ಣ ಊರಿನಲ್ಲಿ. 1913ರ ಅಕ್ಟೋಬರ್ 14ರ ಬೆಳಗ್ಗೆ ಅಲ್ಲಿ 439 ಕೆಲಸಗಾರರು ಸತ್ತರು. ಅವರನ್ನು ಉಳಿಸಲು ಇಳಿದವರಲ್ಲೂ ಒಬ್ಬ ಸತ್ತ. ಅದೇ ಗಣಿಯಲ್ಲಿ ಹನ್ನೆರಡು ವರ್ಷ ಮೊದಲು ಇನ್ನೊಂದು ಸ್ಫೋಟವಾಗಿ 81 ಜನ ತೀರಿಕೊಂಡಿದ್ದರು. ಮೊದಲ ಸಾವುಗಳಿಗೆ ಕಾರಣವೇನೆಂದು ತನಿಖೆ ನಡೆದಿತ್ತು, ಮಾಡಬೇಕಾದ್ದು ಏನೆಂದು ಬರೆದೂ ಇಟ್ಟಿದ್ದರು. ಅದನ್ನು ಪೂರ್ತಿ ಮಾಡದೆ ಬಿಟ್ಟ ಗಣಿಯಲ್ಲೇ ಎರಡನೆಯ ಸ್ಫೋಟವೂ ಆಯಿತು. ಗಣಿ ಅಪಘಾತವನ್ನು ವಿಧಿಯಾಟ ಎಂದು ಸುಮ್ಮನಾಗುವವರು ಈ ಒಂದು ಗಣಿಯ ಕಥೆಯನ್ನು ನಿಧಾನವಾಗಿ ಓದಬೇಕು.

ಕೇರ್ಫಿಲಿ ಪಟ್ಟಣದ ವಾಯವ್ಯಕ್ಕೆ, ಎರಡು ಗುಡ್ಡಗಳ ನಡುವಿನ ಕಿರಿದಾದ ಆಬರ್ ಕಣಿವೆಯ ತುದಿಯಲ್ಲಿ ಈ ಊರಿದೆ. 1890ಕ್ಕೆ ಮುಂಚೆ ಅಲ್ಲಿ ಇದ್ದದ್ದು ಚದುರಿದ ಕೆಲವು ಹೊಲಮನೆಗಳು, ಕುರಿ ಮೇಯುವ ಇಳಿಜಾರು, ಅಷ್ಟೆ. 1891ರಲ್ಲಿ ಯೂನಿವರ್ಸಲ್ ಎಂಬ ಈ ಗಣಿಯ ಶಾಫ್ಟ್ ತೋಡುವ ಕೆಲಸ ಶುರುವಾಗಿ, 1896ರಲ್ಲಿ ಇದ್ದಲು ಸಿಕ್ಕಿತು. ಶಾಫ್ಟ್‌ಗಳು ಎರಡು, ಲ್ಯಾಂಕಾಸ್ಟರ್ ಮತ್ತು ಯಾರ್ಕ್. ಆಳ ಸುಮಾರು 2,000 ಅಡಿ. ಹೊಗೆ ಕಡಿಮೆ, ಕಾವು ಹೆಚ್ಚು ಇರುವ ಈ ಸೀಮೆಯ ಇದ್ದಲಿಗೆ ಹಡಗುಗಳಿಂದ, ಅದರಲ್ಲೂ ಬ್ರಿಟಿಷ್ ನೌಕಾಪಡೆಯಿಂದ, ಎಷ್ಟು ತೆಗೆದರೂ ಸಾಲದಷ್ಟು ಬೇಡಿಕೆ ಇತ್ತು. ಇಪ್ಪತ್ತು ವರ್ಷದೊಳಗೆ ಊರಿನ ಜನಸಂಖ್ಯೆ ಸುಮಾರು 6,000ಕ್ಕೆ ಬಂತು. ಸಾಲು ಮನೆ, ಪ್ರಾರ್ಥನಾ ಮಂದಿರ, ಅಂಗಡಿ ಎಲ್ಲವೂ ಗಣಿಯಿಂದ ಬಂದವು, ಗಣಿಯನ್ನೇ ನಂಬಿದ್ದವು.

ನೆಲದಡಿಯ ಕೆಲಸದ ಜಾಗಗಳಿಗೆ ಅಲ್ಲಿ ಇಟ್ಟ ಹೆಸರುಗಳು ಮಾಫೆಕಿಂಗ್, ಲೇಡಿಸ್ಮಿತ್, ಪ್ರಿಟೋರಿಯಾ, ಕಿಂಬರ್ಲಿ. ದಕ್ಷಿಣ ಆಫ್ರಿಕದಲ್ಲಿ ಆಗ ನಡೆದ ಬೋಯರ್ ಯುದ್ಧದ ಊರುಗಳಿವು. ಸಾಮ್ರಾಜ್ಯದ ಉಗಿ ಹಡಗುಗಳಿಗೆ ಉರುವಲು ಒದಗಿಸುವ ಗಣಿಯ ಸುರಂಗಗಳಿಗೂ ಸಾಮ್ರಾಜ್ಯದ ಯುದ್ಧದ್ದೇ ಹೆಸರು.

ಈ ಗಣಿ ಬಿಸಿ, ಒಣ, ಮೇಲಾಗಿ ಅನಿಲ ತುಂಬಿದ್ದು. ಇದ್ದಲಿನ ಪದರದಲ್ಲಿ ಸಿಕ್ಕಿಕೊಂಡಿರುವ ಮಿಥೇನ್, ಪದರವನ್ನು ಕಡಿದಂತೆ ಹೊರಗೆ ಸೋರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಇದು ಗಣಿ ಜನರಿಗೆ ಬಹು ಕಾಲದಿಂದ ಗೊತ್ತಿದ್ದ ಅಪಾಯ. ಹಂಫ್ರಿ ಡೇವಿ 1815ರಲ್ಲಿ ಜ್ವಾಲೆಯ ಸುತ್ತ ತಂತಿಬಲೆ ಸುತ್ತಿದ ದೀಪ ಮಾಡಿದ್ದು ಇದಕ್ಕಾಗಿಯೇ.

ಆದರೆ ನೂರಾರು ಜನರನ್ನು ಒಮ್ಮೆಗೇ ಕೊಲ್ಲುವ ದೊಡ್ಡ ಸ್ಫೋಟಗಳಲ್ಲಿ ಮಿಥೇನ್ ಮಾಡುವುದು ಬಹುಪಾಲು ಬೆಂಕಿ ಹಚ್ಚುವ ಕೆಲಸವನ್ನು ಮಾತ್ರ. ಉರಿಯುವುದು ದೂಳು. ಇದ್ದಲಿನ ಗಟ್ಟಿಗೆ ಬೆಂಕಿ ಹತ್ತಿಸಲು ಎಷ್ಟು ಊದಬೇಕೆಂದು ಇದ್ದಲು ಒಲೆ ಬಳಸಿದವರಿಗೆ ಗೊತ್ತು. ಅದೇ ಒಲೆಗೆ ಒಂದು ಹಿಡಿ ಮರದ ಹೊಟ್ಟು ತೂರಿ ನೋಡಿ, ಭಗ್ಗೆಂದು ಎದ್ದುಬರುತ್ತದೆ. ಪುಡಿಯಾದಾಗ ಪ್ರತಿಯೊಂದು ಕಣಕ್ಕೂ ಸುತ್ತ ಗಾಳಿ ಸಿಗುವುದರಿಂದ ಹೀಗಾಗುತ್ತದೆ. ಗಣಿಯಲ್ಲಿ ಈ ಪುಡಿ ಸುರಂಗದ ನೆಲ, ಗೋಡೆ, ಮಾಡಿನ ತೊಲೆ, ಎಲ್ಲ ಕಡೆ ಕೂತಿರುತ್ತದೆ. ಎಲ್ಲೋ ಒಂದೆಡೆ ಸ್ವಲ್ಪ ಮಿಥೇನ್ ಹೊತ್ತಿಕೊಂಡರೆ, ಅದರ ಒತ್ತಡದ ಅಲೆ ಜ್ವಾಲೆಗಿಂತ ಮುಂದೆ ಓಡಿ ಆ ಪುಡಿಯನ್ನೆಲ್ಲ ಮೇಲೆಬ್ಬಿಸುತ್ತದೆ. ಹಿಂದಿನಿಂದ ಬಂದ ಜ್ವಾಲೆಗೆ ಆ ಮೋಡ ಆಹಾರವಾಗುತ್ತದೆ. ಅದರಿಂದ ಇನ್ನೂ ದೊಡ್ಡ ಅಲೆ ಏಳುತ್ತದೆ, ಇನ್ನಷ್ಟು ದೂಳೂ ಏಳುತ್ತದೆ. ದೂಳು ಇರುವವರೆಗೂ ಬೆಂಕಿ ತನ್ನ ದಾರಿಯನ್ನು ತಾನೇ ಮಾಡಿಕೊಂಡು ಹೋಗುತ್ತದೆ. ನೆಲದ ದೂಳಿಗಿಂತ ತೊಲೆಯ ಮೇಲೆ ಕೂತ ನವಿರಾದ ದೂಳು ಹೆಚ್ಚು ಅಪಾಯದ್ದು. ಇದು ಮುಂದೆ ನೆನಪಿಡಬೇಕಾದ ಮಾತು.

ವಿಲಿಯಂ ಗ್ಯಾಲೊವೇ ಎಂಬ ಗಣಿ ಎಂಜಿನಿಯರ್ 1870ರ ದಶಕದಿಂದಲೇ ಇದನ್ನು ಪ್ರಯೋಗ ಮಾಡಿ ತೋರಿಸುತ್ತ ಬಂದಿದ್ದ. ಬಹಳ ಜನ ಒಪ್ಪಲಿಲ್ಲ. 1906ರ ಮಾರ್ಚ್‌ನಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ 1,099 ಜನ ಇದ್ದಲ ದೂಳಿನ ಸ್ಫೋಟಕ್ಕೆ ಬಲಿಯಾದ ಮೇಲೆ ವಾದ ಮಾಡುವವರು ಕಡಿಮೆಯಾದರು.

ಸೆಂಗ್‌ಹೆನಿದ್‌ಗೆ ಆ ಪಾಠ ಅದಕ್ಕೂ ಮೊದಲೇ ಆಗಿತ್ತು. 1901ರ ಮೇ 24ರ ಬೆಳಗಿನ ಜಾವ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಮೊದಲ ಸ್ಫೋಟವಾಯಿತು. ಆಗ ಕೆಳಗಿದ್ದವರು 82 ಜನ. ಬದುಕಿ ಬಂದವನು ಕುದುರೆ ಲಾಯದ ಆಳು ಒಬ್ಬನೇ. ಸತ್ತ ಕುದುರೆಯ ಪಕ್ಕದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಹಗಲು ಪಾಳಿಯ ದೊಡ್ಡ ಗುಂಪು ಇಳಿದ ಮೇಲೆ ಆಗಿದ್ದರೆ ಸಾವಿನ ಲೆಕ್ಕವೇ ಬೇರೆಯಾಗುತ್ತಿತ್ತು. ತನಿಖೆ ಇದ್ದಲ ದೂಳನ್ನೇ ಕಾರಣವೆಂದು ಹೇಳಿತು. ಸುರಂಗಗಳಿಗೆ ನೀರು ಚಿಮುಕಿಸಿ ದೂಳು ಕೂರಿಸಬೇಕು ಎಂಬುದು ಪರಿಹಾರ. ಗಣಿ ಮತ್ತೆ ತೆರೆಯಿತು, ಇನ್ನೂ ಬೆಳೆಯಿತು.

ಇಲ್ಲಿಂದ ಮುಂದೆ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಬೇಕು.

ದೂಳಿನ ವಿಷಯಕ್ಕೆ, ಗಣಿಯವರು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ನೆಲದ ದೂಳು ತೆಗೆಸುತ್ತಿದ್ದರು, ನೀರೂ ಹಾಕಿಸುತ್ತಿದ್ದರು. ಗೋಡೆ ಮತ್ತು ಮಾಡಿನ ದೂಳು ಹಾಗೇ ಉಳಿಯಿತು.

ಎರಡನೆಯದು ಗಾಳಿ. ಗಣಿಯೊಳಗೆ ಗಾಳಿ ಒಂದು ಶಾಫ್ಟ್‌ನಿಂದ ಇಳಿದು, ಸುರಂಗಗಳಲ್ಲೆಲ್ಲ ಸುತ್ತಿ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಇಲ್ಲಿ ಗಾಳಿ ಇಳಿಯುತ್ತಿದ್ದುದು ಲ್ಯಾಂಕಾಸ್ಟರ್ ಶಾಫ್ಟ್‌ನಿಂದ. ಗಾಳಿ ಒಳಬರುವ ದಾರಿಯಲ್ಲೇ ಬೆಂಕಿ ಎದ್ದರೆ, ಉಸಿರು ಕೊಡಬೇಕಾದ ಫ್ಯಾನೇ ಹೊಗೆಯನ್ನು ಕೆಲಸಗಾರರ ಕಡೆಗೆ ಎಳೆದು ತರುತ್ತದೆ. ಅದಕ್ಕೆಂದೇ 1911ರ ಕಲ್ಲಿದ್ದಲು ಗಣಿ ಕಾಯ್ದೆ, ಗಾಳಿಯ ದಿಕ್ಕನ್ನು ತಿರುಗಿಸಬಲ್ಲ ಏರ್ಪಾಡು ಪ್ರತಿ ಗಣಿಯಲ್ಲೂ ಇರಬೇಕೆಂದಿತು. ಗಡುವು 1913ರ ಜನವರಿ 1. ಯೂನಿವರ್ಸಲ್ ಗಣಿಗೆ ಆ ಗಡುವನ್ನು ಸೆಪ್ಟೆಂಬರ್‌ವರೆಗೆ ವಿಸ್ತರಿಸಿಕೊಟ್ಟರು. ಸೆಪ್ಟೆಂಬರ್ ಕಳೆಯಿತು, ಕೆಲಸ ಮುಗಿಯಲಿಲ್ಲ. ಸ್ಫೋಟವಾದದ್ದು ಅದಾಗಿ ಹದಿನಾಲ್ಕನೆಯ ದಿನ.

ಮೂರನೆಯದು ಸಂಜ್ಞೆ ಕೊಡುವ ಒಂದು ಗಂಟೆ. ಇದ್ದಲಿನ ಬಂಡಿಗಳನ್ನು ಹಗ್ಗದ ಯಂತ್ರ ಎಳೆಯುವ ಸುರಂಗದಲ್ಲಿ, ಗೋಡೆಯುದ್ದಕ್ಕೂ ಎರಡು ಬರಿ ತಂತಿಗಳನ್ನು ಕಟ್ಟಿರುತ್ತಿದ್ದರು. ಹೊದಿಕೆ ಇಲ್ಲದ ತಂತಿ. ಬಂಡಿಗಳ ಜೊತೆ ಹೋಗುವವನು ಸುರಂಗದ ಯಾವ ಜಾಗದಿಂದಲಾದರೂ ಅವೆರಡನ್ನು ಒತ್ತಿ ಹಿಡಿದರೆ, ಇಲ್ಲವೇ ಕೈಲಿದ್ದ ಕಬ್ಬಿಣದ ತುಂಡನ್ನು ಅಡ್ಡ ತಾಗಿಸಿದರೆ, ಆ ಕೊನೆಯ ಯಂತ್ರದ ಮನೆಯಲ್ಲಿ ಗಂಟೆ ಬಾರಿಸುತ್ತಿತ್ತು. ನಿಲ್ಲು, ಎಳೆ ಎಂಬುದಕ್ಕೆಲ್ಲ ಇದೇ ಸಂಜ್ಞೆ. ಬಹಳ ಅನುಕೂಲದ ಏರ್ಪಾಡು. ಬ್ಯಾಟರಿ ಕಡಿಮೆ ವೋಲ್ಟಿನದು, ಅದರ ಕಿಡಿಯಿಂದ ಏನೂ ಆಗದು ಎಂದು ಎಲ್ಲರೂ ನಂಬಿದ್ದರು. 1912ರಲ್ಲಿ ಕೆಲವೇ ಮೈಲಿ ದೂರದ ಬೆಡ್ವಾಸ್ ಗಣಿಯಲ್ಲಿ ಇಂಥದೇ ಗಂಟೆಯ ಕಿಡಿಯಿಂದ ಸ್ಫೋಟವಾಯಿತು. ಸೆಂಗ್‌ಹೆನಿದ್‌ನ ತಂತಿಗಳು ಮಾತ್ರ ಇದ್ದಲ್ಲೇ ಇದ್ದವು.

1913ರ ಅಕ್ಟೋಬರ್ 14, ಮಂಗಳವಾರ. ಹಗಲು ಪಾಳಿಯ ಸುಮಾರು 950 ಜನ ಇಳಿದು ಎರಡು ತಾಸಾಗಿತ್ತು. ಎಂಟು ಗಂಟೆ ದಾಟುತ್ತಿದ್ದಂತೆ ಪಶ್ಚಿಮ ಭಾಗದಲ್ಲಿ ಸ್ಫೋಟವಾಯಿತು. ಲ್ಯಾಂಕಾಸ್ಟರ್ ಶಾಫ್ಟ್‌ನಲ್ಲಿ ಮೇಲಕ್ಕೆ ನುಗ್ಗಿದ ಅಲೆ, ಜನರನ್ನು ಇಳಿಸುವ ಕೇಜನ್ನು ಎತ್ತಿ ಮೇಲಿನ ಗೋಪುರಕ್ಕೆ ಬಡಿಯಿತು. ಶಾಫ್ಟ್ ಬಾಯಲ್ಲಿ ಕೆಲಸಕ್ಕಿದ್ದವನು, ನೆಲದ ಮೇಲೆಯೇ ಇದ್ದವನು, ಆ ಏಟಿಗೆ ಸತ್ತ.

ಮ್ಯಾನೇಜರ್ ಎಡ್ವರ್ಡ್ ಶಾ ತಡಮಾಡದೆ ಯಾರ್ಕ್ ಶಾಫ್ಟ್‌ನಿಂದ ಇಳಿದ. ಪೂರ್ವ ಭಾಗದವರು ಬದುಕಿದ್ದರು. ನೂರಾರು ಜನರನ್ನು ಮೇಲೆ ಕಳಿಸುವ ವ್ಯವಸ್ಥೆಯಾಯಿತು. ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ ಮರದ ಆಸರೆಗಳು ಹೊತ್ತಿ ಉರಿಯುತ್ತಿದ್ದವು. ಕೈಯಲ್ಲಿ ಹಿಡಿಯುವ ಅಗ್ನಿಶಾಮಕಗಳಿಂದ ಅದು ಆರುವಂತಿರಲಿಲ್ಲ, ಕೆಳಗೆ ಸಾಕಷ್ಟು ನೀರೂ ಇರಲಿಲ್ಲ. ವಿಷಗಾಳಿಯಲ್ಲಿ ಹೋಗಲು ಬೇಕಾದ ಉಸಿರಾಟದ ಉಪಕರಣ ಹೊರಗಿನ ರಕ್ಷಣಾ ಕೇಂದ್ರಗಳಿಂದ ಬರಬೇಕಾಯಿತು. ಬೆಂಕಿಯ ಆಚೆ ಬದಿಯಲ್ಲಿದ್ದವರಿಗೆ ಅಷ್ಟು ಹೊತ್ತು ಇರಲಿಲ್ಲ. ಸ್ಫೋಟದ ನಂತರ ಸುರಂಗ ತುಂಬುವ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಣಿ ಸ್ಫೋಟಗಳಲ್ಲಿ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಬೆಂಕಿಯಲ್ಲ, ಈ ಅನಿಲ ಎಂದು ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ 1896ರಲ್ಲೇ ವರದಿ ಕೊಟ್ಟಿದ್ದ. ಈ ಅನಿಲ ಇದೆಯೇ ಎಂದು ತಿಳಿಯಲು ಗಣಿಗೆ ಕ್ಯಾನರಿ ಹಕ್ಕಿಗಳನ್ನು ಒಯ್ಯುವ ಪದ್ಧತಿ ಬಂದದ್ದು ಅವನ ಸಲಹೆಯಿಂದ.

ಆ ರಾತ್ರಿ ಒಂದು ಗಂಟೆಯ ಹೊತ್ತಿಗೆ ಪಶ್ಚಿಮ ಭಾಗದಲ್ಲಿ 18 ಜನ ಜೀವಂತ ಸಿಕ್ಕರು. ಊರಿಗೆ ಆಸೆ ಚಿಗುರಿತು. ಅವರ ನಂತರ ಯಾರೂ ಬದುಕಿ ಬರಲಿಲ್ಲ.

ಸತ್ತವರಲ್ಲಿ 60 ಜನ ಇಪ್ಪತ್ತು ದಾಟದವರು. ಎಂಟು ಹುಡುಗರಿಗೆ ಹದಿನಾಲ್ಕು ವರ್ಷ. 200ಕ್ಕೂ ಹೆಚ್ಚು ಹೆಂಗಸರು ಗಂಡನನ್ನು ಕಳೆದುಕೊಂಡರು, 542 ಮಕ್ಕಳು ತಂದೆಯನ್ನು. ಊರಿನ ಒಂದೇ ಬೀದಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಹೋದರು.

ಸರ್ಕಾರದ ಗಣಿಗಳ ಮುಖ್ಯ ಇನ್ಸ್‌ಪೆಕ್ಟರ್ ರಿಚರ್ಡ್ ರೆಡ್‌ಮೇನ್ ನೇತೃತ್ವದಲ್ಲಿ 1914ರ ಜನವರಿಯಲ್ಲಿ ಕಾರ್ಡಿಫ್‌ನಲ್ಲಿ ವಿಚಾರಣೆ ನಡೆಯಿತು. ಜೊತೆಗೆ ಗಣಿ ಮಾಲೀಕರ ಪರವಾಗಿ ಇವಾನ್ ವಿಲಿಯಮ್ಸ್, ಕೆಲಸಗಾರರ ಪರವಾಗಿ ಒಕ್ಕೂಟದ ಅಧ್ಯಕ್ಷ ರಾಬರ್ಟ್ ಸ್ಮೈಲಿ ಕೂತಿದ್ದರು. ಬೆಂಕಿ ಎಲ್ಲಿ ಹತ್ತಿತು ಎಂಬುದರ ಬಗ್ಗೆ ಸಾಕ್ಷಿಗಳಲ್ಲಿ ಒಮ್ಮತ ಬರಲಿಲ್ಲ. ಗಂಟೆಯ ತಂತಿಯ ಕಿಡಿಯೇ ಇರಬೇಕೆಂಬ ಶಂಕೆ ಬಲವಾಗಿತ್ತು. ಹತ್ತಿದ ಬೆಂಕಿಯನ್ನು ಹಬ್ಬಿಸಿದ್ದು ಇದ್ದಲ ದೂಳು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಗಾಳಿ ತಿರುಗಿಸುವ ಏರ್ಪಾಡು ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು ಎಂಬುದನ್ನು ಲೆಕ್ಕ ಹಾಕಿ ಹೇಳುವುದು ಸಾಧ್ಯವಿಲ್ಲ. ತಿರುಗಿಸಿದ ಗಾಳಿ ಹೊಗೆಯನ್ನು ಇನ್ನೊಂದು ಕಡೆ ಒಯ್ಯಬಹುದು. ಹಾಗಿದ್ದರೂ, ತಿರುಗಿಸಬೇಕೇ ಬೇಡವೇ ಎಂದು ಯೋಚಿಸುವ ಅವಕಾಶವೇ ಆ ಬೆಳಗ್ಗೆ ಯಾರಿಗೂ ಇರಲಿಲ್ಲ, ಏಕೆಂದರೆ ಏರ್ಪಾಡೇ ಇರಲಿಲ್ಲ.

ಶಾ ಮೇಲೆ 17, ಕಂಪನಿಯ ಮೇಲೆ 4 ಆರೋಪಗಳು ದಾಖಲಾದವು. ಶಾಗೆ ಒಟ್ಟು 24 ಪೌಂಡ್ ದಂಡ. ಕಂಪನಿ ಮೊದಲು ಪೂರ್ತಿ ಖುಲಾಸೆಯಾಯಿತು; ಮೇಲ್ಮನವಿ ಹೋದ ಮೇಲೆ 10 ಪೌಂಡ್ ದಂಡ ಬಿತ್ತು, ಗಾಳಿ ತಿರುಗಿಸುವ ಏರ್ಪಾಡು ಮಾಡದಿದ್ದಕ್ಕೆ. 24 ಪೌಂಡನ್ನು ಸತ್ತವರಿಗೆ ಹಂಚಿದರೆ ತಲೆಗೆ ಒಂದು ಷಿಲಿಂಗು, ಮೇಲೆ ಪುಡಿಗಾಸು. ಅಲ್ಲಿನ ಪತ್ರಿಕೆಯೊಂದು ಈ ಲೆಕ್ಕವನ್ನೇ ತಲೆಬರಹವಾಗಿ ಅಚ್ಚು ಹಾಕಿತು.

ಹೊಗೆಯೊಳಗೆ ಮೊದಲು ಇಳಿದವನು ಇದೇ ಶಾ. ಅವನ ಧೈರ್ಯದಿಂದ ಉಳಿದ ಜೀವಗಳಿವೆ. ಅಪಘಾತದ ದಿನ ಪ್ರಾಣದ ಹಂಗು ತೊರೆದವನೇ, ಅಪಘಾತವಿಲ್ಲದ ದಿನಗಳಲ್ಲಿ ದಾಖಲೆಯ ಪುಸ್ತಕ ತುಂಬಿಸುವುದು, ದೂಳು ಗುಡಿಸಿಸುವುದು ಇಂಥ ಕೆಲಸಗಳನ್ನು ಮುಂದೂಡುತ್ತ ಬಂದಿದ್ದ. ಒಬ್ಬನನ್ನೇ ಖಳನೆಂದು ಕರೆದರೆ ಈ ಕಥೆ ಅರ್ಥವಾಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಗಡುವು ವಿಸ್ತರಿಸಿದವರಿದ್ದರು, ಇದ್ದಲು ಎಷ್ಟು ಬಂತೆಂದು ದಿನಾ ಕೇಳುವವರಿದ್ದರು. ಮಾಡಿನ ತೊಲೆಯ ದೂಳು ತೆಗೆದರೇ ಎಂದು ದಿನಾ ಕೇಳುವವರು ಇರಲಿಲ್ಲ.

ಗಣಿ 1913ರ ನವೆಂಬರಿನಲ್ಲೇ ಮತ್ತೆ ಶುರುವಾಗಿ 1928ರಲ್ಲಿ ಮುಚ್ಚಿತು. 2013ರ ಅಕ್ಟೋಬರ್ 14ರಂದು, ನೂರು ವರ್ಷ ತುಂಬಿದ ದಿನ, ವೇಲ್ಸ್‌ನ ಗಣಿ ದುರಂತಗಳಿಗೆಲ್ಲ ಸೇರಿದ ರಾಷ್ಟ್ರೀಯ ಸ್ಮಾರಕವನ್ನು ಅಲ್ಲಿ ತೆರೆದರು. ಕುಸಿಯುತ್ತಿರುವ ಕೆಲಸಗಾರನಿಗೆ ರಕ್ಷಕನೊಬ್ಬ ಹೆಗಲು ಕೊಡುತ್ತಿರುವ ಕಂಚಿನ ಪ್ರತಿಮೆ ಅದು.

ಗಂಟೆಯ ಕಿಡಿಯ ವಿಷಯ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ವೀಲರ್ ಮತ್ತು ಥಾರ್ನ್‌ಟನ್ ಎಂಬ ಇಬ್ಬರು ಸಂಶೋಧಕರು ಮುಂದಿನ ಎರಡು ಮೂರು ವರ್ಷಗಳಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ವೋಲ್ಟ್ ಕಡಿಮೆ ಇದ್ದರೂ ಗಂಟೆಯೊಳಗಿನ ತಂತಿಸುರುಳಿ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಸಂಪರ್ಕ ತಪ್ಪುವ ಗಳಿಗೆಯಲ್ಲಿ ಅದನ್ನು ಕಿಡಿಯಾಗಿ ಉಗುಳುತ್ತದೆ ಎಂದು ಕಂಡುಕೊಂಡರು. ಕಿಡಿ ಹಾರಿದರೂ ಅನಿಲ ಹೊತ್ತಲಾರದಷ್ಟು ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವ ಸಲಕರಣೆಗಳನ್ನು ಕಟ್ಟುವ ವಿದ್ಯೆ ಬೆಳೆದದ್ದು ಅಲ್ಲಿಂದ. ತೈಲ ಶುದ್ಧೀಕರಣ ಘಟಕಗಳ ಅಳತೆ ಉಪಕರಣಗಳಲ್ಲಿ, ಗಣಿಯ ದೂರವಾಣಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಇದೇ ತತ್ವ.

ದೂಳಿಗೆ ಕಂಡುಕೊಂಡ ಮದ್ದು ಇನ್ನೂ ಸರಳ: ಸುಣ್ಣಕಲ್ಲಿನಂಥ, ಉರಿಯದ ಕಲ್ಲಿನ ಪುಡಿಯನ್ನು ಸುರಂಗದ ನೆಲ, ಗೋಡೆ, ಮಾಡಿಗೆ ಎರಚುವುದು. ಅಲೆ ಬಂದಾಗ ಎರಡೂ ಪುಡಿ ಒಟ್ಟಿಗೆ ಏಳುತ್ತವೆ. ಕಲ್ಲಿನ ಪುಡಿ ಕಾವನ್ನು ಹೀರಿಕೊಂಡು ಜ್ವಾಲೆಯನ್ನು ಸಾಯಿಸುತ್ತದೆ. 1920ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇದು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 1958ರ ಫೆಬ್ರುವರಿಯಲ್ಲಿ ಪಶ್ಚಿಮ ಬಂಗಾಳದ ಚಿನಾಕುರಿ ಗಣಿಯ ಸ್ಫೋಟಕ್ಕೆ 170ಕ್ಕೂ ಹೆಚ್ಚು ಜನ ಬಲಿಯಾದರು. 1965ರ ಮೇ 28ರಂದು, ಆಗ ಬಿಹಾರದಲ್ಲಿದ್ದ ಧೋರಿ ಗಣಿಯ ಸ್ಫೋಟಕ್ಕೆ 268 ಜನ. ಈಗ ಜಾರಿಯಲ್ಲಿರುವ 2017ರ ಕಲ್ಲಿದ್ದಲು ಗಣಿ ನಿಯಮಾವಳಿಯಲ್ಲೂ ಕಲ್ಲಿನ ಪುಡಿ ಎರಚುವ ಮತ್ತು ದೂಳಿನ ಮಾದರಿ ತೆಗೆದು ಪರೀಕ್ಷಿಸುವ ವಿಧಿಗಳಿವೆ. ಮಾದರಿ ತೆಗೆಯುವವನು ಕುಂಚ ಹಿಡಿದು ನೆಲವನ್ನಷ್ಟೇ ಗುಡಿಸಿ ಬಂದರೆ ಸಾಲದು, ಗೋಡೆಯಿಂದಲೂ ಮಾಡಿನಿಂದಲೂ ದೂಳು ತರಬೇಕು.