ಗದ್ದಲದೊಳಗಿನ ಹಳೆಯ ಹಾಡು

ಹಳೆಯದನ್ನು ಮುರಿಯದೆ ಹೊಸದು ಹುಟ್ಟದೆಂಬುದು ತರುಣರ ಸಹಜವಾದ ನಂಬಿಕೆ. ಅಮೆರಿಕದ ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನ ಮೂವರು ಗೆಳೆಯರ ಕಥೆ ಈ ನಂಬಿಕೆಯನ್ನು ಅಲುಗಿಸುತ್ತದೆ.

ಜೇ ಫರ್ರಾರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್ ಮೊದಲು ನುಡಿಸುತ್ತಿದ್ದುದು 'ಗ್ಯಾರೇಜ್ ರಾಕ್'. ಕಾರು ನಿಲ್ಲಿಸುವ ಕೊಠಡಿಗಳಲ್ಲಿ ಹುಡುಗರು ತಾವೇ ಕಲಿತು ನುಡಿಸಿದ ಒರಟು ಸಂಗೀತಕ್ಕೆ ಬಂದ ಹೆಸರದು. 1987ರಲ್ಲಿ ಈ ಮೂವರು 'ಅಂಕಲ್ ಟುಪೆಲೊ' ಎಂಬ ಮೇಳವನ್ನು ಕಟ್ಟಿದರು.

1990ರಲ್ಲಿ ಹೊರಬಂದ ಅವರ ಮೊದಲ ಧ್ವನಿಮುದ್ರಿಕೆ 'ನೋ ಡಿಪ್ರೆಶನ್'. ಈ ಹೆಸರು ಕಾರ್ಟರ್ ಕುಟುಂಬದವರು 1936ರಲ್ಲಿ, ಮಹಾ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಹಾಡಿದ ಭಕ್ತಿಗೀತೆಯೊಂದರದು. ಮುಗ್ಗಟ್ಟಿಲ್ಲದ ಸ್ವರ್ಗವೊಂದೇ ಆ ಗೀತೆಯ ಆಸರೆ. ಅದರ ಪಕ್ಕದಲ್ಲಿಯೇ ಕಾರ್ಖಾನೆಯ ದುಡಿಮೆಯನ್ನೂ ಕುಡಿತವನ್ನೂ ಕುರಿತ ತಮ್ಮ ಅಬ್ಬರದ ಹಾಡುಗಳನ್ನು ಈ ತರುಣರು ಇರಿಸಿದರು. ಅರ್ಧ ಶತಮಾನದ ಅಂತರವಿದ್ದರೂ ಅಳಲು ಒಂದೇ.

1992ರ ಮಾರ್ಚಿಯಲ್ಲಿ ಅವರು ಜಾರ್ಜಿಯದ ಅಥೆನ್ಸಿನಲ್ಲಿ, ಪೀಟರ್ ಬಕ್ ಅವರ ನಿರ್ದೇಶನದಲ್ಲಿ, ಐದೇ ದಿನಗಳಲ್ಲಿ ಮತ್ತೊಂದು ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. ಈ ಸಲ ಅಬ್ಬರ ಬಹುಮಟ್ಟಿಗೆ ಅಡಗಿತು. ಕಲ್ಲಿದ್ದಲು ಗಣಿಗಾರರ ಹಾಡೂ ಹಳೆಯ ಜನಪದ ಗೀತೆಗಳೂ ಮುಂದೆ ಬಂದವು. ಅದೇ ವರ್ಷ ಹೈಡಾರ್ನ್ ಹೊರನಡೆದರು. 1994ರಲ್ಲಿ ಮೇಳವೇ ಒಡೆಯಿತು. ಫರ್ರಾರ್ 'ಸನ್ ವೋಲ್ಟ್' ಮೇಳವನ್ನೂ, ಟ್ವೀಡಿ 'ವಿಲ್ಕೊ' ಮೇಳವನ್ನೂ ಕಟ್ಟಿದರು. ಮರುವರ್ಷ ಆರಂಭವಾದ ಸಂಗೀತ ಪತ್ರಿಕೆಯೊಂದು 'ನೋ ಡಿಪ್ರೆಶನ್' ಎಂದೇ ಹೆಸರಿಟ್ಟುಕೊಂಡಿತು.

ಹಿರಿಯರ ಹಾಡನ್ನು ಇವರು ಗಾಜಿನ ಕಪಾಟಿನಲ್ಲಿಟ್ಟು ಪೂಜಿಸಲಿಲ್ಲ. ತಮ್ಮ ಊರಿನ ನೋವನ್ನು ಹೇಳಲು ದುಡಿಸಿಕೊಂಡರು. ಪರಂಪರೆಗೆ ಸಲ್ಲಬಹುದಾದ ಗೌರವ ಇದಕ್ಕಿಂತ ಹಿರಿದು ಯಾವುದಿದ್ದೀತು?