ಮಂಗಳೂರು ದಾರಿಯ ‘ಸಿದ್ಧಾರ್ಥ’

ಪರಶುರಾಂಪುರದಲ್ಲಿ ಕೂತು ಹರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಓದುವವರಿಗೆ ಮೊದಲ ತೊಡಕು ಹೊಳೆಯದ್ದೇ. ಕಾದಂಬರಿಯ ನದಿ ಹಗಲಿರುಳು ಹರಿಯುತ್ತದೆ, ಮಾತಾಡುತ್ತದೆ. ದಾಟಲು ದೋಣಿ ಬೇಕು. ನಮ್ಮ ವೇದಾವತಿಯನ್ನು ವರ್ಷದ ಬಹುಪಾಲು ಚಪ್ಪಲಿ ಕಳಚದೆಯೇ ದಾಟಬಹುದು. ಮೇಲೆ ಮಾರಿಕಣಿವೆಯಲ್ಲಿ 1907ರಿಂದ ಕಟ್ಟೆ ಇದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ವಾಣಿವಿಲಾಸ ಸಾಗರ ಮತ್ತೆ ತುಂಬಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ‘ಸಿದ್ಧಾರ್ಥ’ಕ್ಕೆ ನೂರು ತುಂಬಿದ್ದೂ ಅದೇ ವರ್ಷ. ಕಾಕತಾಳೀಯ, ಅಷ್ಟೇ. ಆದರೂ ಆ ಮಳೆಗಾಲದಲ್ಲಿ ಪುಸ್ತಕ ಕೈಯಲ್ಲಿದ್ದವರ ಅದೃಷ್ಟ ದೊಡ್ಡದು.

ಜರ್ಮನ್ ಲೇಖಕನಿಗೆ ಬ್ರಾಹ್ಮಣರ ಹುಡುಗ, ಶ್ರಮಣರು, ಅಂಬಿಗ ವಾಸುದೇವ ಎಲ್ಲಿ ಸಿಕ್ಕರು? ಜಾಡು ಹಿಡಿದು ಹೊರಟರೆ ನಮ್ಮ ಕರಾವಳಿಗೇ ಬರಬೇಕು.

ಹೆಸ್ಸೆಯ ತಾಯಿಯ ಅಪ್ಪ ಹರ್ಮನ್ ಗುಂಡರ್ಟ್, ಬಾಸೆಲ್ ಮಿಷನ್ನಿನ ಪಾದ್ರಿ. ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳ ನಿಘಂಟಿಗೆ ದುಡಿದವನು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವನ ಗೆಳೆಯ. ಗುಂಡರ್ಟನ ಮಗಳು ಮರಿ ಹುಟ್ಟಿದ್ದು ತಲಶ್ಶೇರಿಯಲ್ಲೇ, 1842ರಲ್ಲಿ. ಇನ್ನು ಹೆಸ್ಸೆಯ ತಂದೆ ಯೊಹಾನ್ನೆಸ್. ಇಂದಿನ ಎಸ್ಟೋನಿಯಾದಲ್ಲಿ ಹುಟ್ಟಿದ ಈತ 1869ರಲ್ಲಿ ಮಿಷನ್ನಿನ ಕೆಲಸ ಹಿಡಿದು ಮಂಗಳೂರಿಗೆ ಬಂದ. ಆರೋಗ್ಯ ಕೈಕೊಟ್ಟಿತು. 1873ರಲ್ಲಿ ಹಿಂದಿರುಗಿದವನನ್ನು ಮಿಷನ್ನು ಕಾಲ್ವ್ ಊರಿನ ಪ್ರಕಾಶನ ಸಂಸ್ಥೆಯಲ್ಲಿ ಗುಂಡರ್ಟನ ಕೈಕೆಳಗೆ ಹಾಕಿತು. ಮರಿ ಆಗ ವಿಧವೆಯಾಗಿ ಅಪ್ಪನ ಮನೆಯಲ್ಲಿದ್ದಳು. ಮರುವರ್ಷ ಮದುವೆ, 1877ರಲ್ಲಿ ಹರ್ಮನ್ ಹುಟ್ಟಿದ. ಕರಾವಳಿಯ ಹವೆ ಆ ಯುವ ಪಾದ್ರಿಗೆ ಒಗ್ಗಿಬಿಟ್ಟಿದ್ದರೆ ಈ ಕಾದಂಬರಿ ಎಲ್ಲಿರುತ್ತಿತ್ತು!

ಅಜ್ಜನ ಗಾಜಿನ ಕಪಾಟಿನಲ್ಲಿದ್ದ ಕುಣಿಯುವ ಪುಟ್ಟ ವಿಗ್ರಹವನ್ನು ಹೆಸ್ಸೆ ದೊಡ್ಡವನಾದ ಮೇಲೂ ನೆನೆದು ಬರೆದಿದ್ದಾನೆ. 1911ರಲ್ಲಿ ಹಡಗು ಹತ್ತಿ ಸಿಲೋನ್, ಸಿಂಗಪುರ, ಸುಮಾತ್ರಾ ಸುತ್ತಿದ. ಸೆಖೆ, ಹೊಟ್ಟೆಬೇನೆ ಸಾಕುಸಾಕು ಮಾಡಿದವು. ಅಪ್ಪನ ಮಂಗಳೂರು, ಅಮ್ಮನ ತಲಶ್ಶೇರಿ ನೋಡದೆಯೇ ಮರಳಿದ.

ಸ್ವಿಟ್ಜರ್ಲೆಂಡಿನ ಮೊಂಟಾನ್ಯೋಲಾದಲ್ಲಿ 1919ರ ಕೊನೆಗೆ ಬರೆಯಲು ಶುರುಮಾಡಿದಾಗ ಮೊದಲ ಭಾಗ ಸರಾಗವಾಗಿ ಬಂತು. ಆಮೇಲೆ ಲೇಖನಿ ನಿಂತಿತು, ಸುಮಾರು ಒಂದೂವರೆ ವರ್ಷ. ಉಪವಾಸ ಬೀಳುವ, ಮೈ ದಂಡಿಸುವ ಸಿದ್ಧಾರ್ಥ ಅವನಿಗೆ ಗೊತ್ತಿದ್ದ. ಗೆದ್ದ, ಬಾಳನ್ನು ಹಾಗೇ ಒಪ್ಪಿಕೊಂಡ ಸಿದ್ಧಾರ್ಥ ಗೊತ್ತಿರಲಿಲ್ಲ. ತಾನು ಬದುಕದ್ದನ್ನು ಬರೆಯುವುದು ಹೇಗೆ ಎಂಬುದೇ ಅವನ ಪೇಚು. 1921ರಲ್ಲಿ ಕಾರ್ಲ್ ಯೂಂಗ್ ಬಳಿ ಮನೋವಿಶ್ಲೇಷಣೆಗೆ ಹೋದ. 1922ರಲ್ಲಿ ಕಾದಂಬರಿ ಮುಗಿಯಿತು. ಮೊದಲ ಭಾಗವನ್ನು ರೊಮೇನ್ ರೋಲಾನಿಗೆ, ಎರಡನೆಯದನ್ನು ಸೋದರಬಂಧು ವಿಲ್ಹೆಲ್ಮ್ ಗುಂಡರ್ಟನಿಗೆ ಅರ್ಪಿಸಿದ.

ನನ್ನ ಮಟ್ಟಿಗೆ ಪುಸ್ತಕದ ಜೀವವಿರುವುದು ಎರಡನೆಯ ಭಾಗದಲ್ಲಿ. ಗಣಿಕೆ ಕಮಲಾಳ ಸಂಗ, ವ್ಯಾಪಾರ, ಜೂಜು, ಕೊನೆಗೆ ತಂದೆಯನ್ನು ಧಿಕ್ಕರಿಸಿ ಓಡಿಹೋಗುವ ಮಗ. ಶ್ರಮಣರನ್ನು ಬಿಟ್ಟು, ಸಾಕ್ಷಾತ್ ಗೌತಮ ಬುದ್ಧನಿಗೂ ಕೈಮುಗಿದು ಮುಂದೆ ನಡೆದವನು ಮಗನ ಮೋಹದೆದುರು ಸೋಲುತ್ತಾನೆ. ಮೊದಲ ಭಾಗದ ತಪಸ್ಸು, ನಿಜ ಹೇಳಬೇಕೆಂದರೆ, ತುಸು ಪುಸ್ತಕದ ಬದನೆಕಾಯಿ. ಬೋಧಿಸಲೆಂದೇ ಸಮುದ್ರ ದಾಟಿದ ಮನೆತನದ ಕುಡಿ, ಯಾವ ಬೋಧನೆಯೂ ಸಾಲದು ಎನ್ನುವ ನಾಯಕನನ್ನು ಸೃಷ್ಟಿಸಿದ್ದು ಇನ್ನೊಂದು ತಮಾಷೆ. 1951ರಲ್ಲಿ ಹಿಲ್ಡಾ ರೋಸ್ನರ್ ಇಂಗ್ಲಿಷಿಗೆ ತಂದ ಮೇಲೆ ಅಮೆರಿಕದ ಹುಡುಗರು ಮುಗಿಬಿದ್ದದ್ದು, 1972ರ ಸಿನಿಮಾದಲ್ಲಿ ಶಶಿ ಕಪೂರ್ ಸಿದ್ಧಾರ್ಥನಾದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಚಳ್ಳಕೆರೆ ಸೀಮೆಯವರು ಹೆಸ್ಸೆಗೆ ಮೊದಲು ಇದೇ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳ ‘ಯೇಗ್ದಾಗೆಲ್ಲಾ ಐತೆ’ ಓದುವುದು ಒಳ್ಳೆಯದು. ಅದು ಕಾದಂಬರಿಯಲ್ಲ, ಮುಕುಂದೂರು ಸ್ವಾಮಿಗಳ ಒಡನಾಟದ ನೆನಪು. ಅಲ್ಲಿ ಗುರುವನ್ನು ಬಿಟ್ಟು ಹೋಗುವ ಮಾತಿಲ್ಲ, ಹತ್ತಿರ ಕೂತು ಕೇಳಿಸಿಕೊಳ್ಳುವುದೇ ಎಲ್ಲ. ಹಳ್ಳಿಮಾತಿನ ಆ ಸ್ವಾಮಿಗಳ ಪರಿಚಯವಾದವರು ಹೆಸ್ಸೆಯ ಅಂಬಿಗ ವಾಸುದೇವನನ್ನು ಕಂಡಕೂಡಲೇ ಗುರುತು ಹಿಡಿಯುತ್ತಾರೆ.