ಎರಡು ಚುಕ್ಕೆಗಳ ಕಳ್ಳದಾರಿ

ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಚಿತ್ರ, ವಿಮಾ ಕಂಪನಿಗೆ ಹೋಗಬೇಕಾದ ಆಸ್ಪತ್ರೆಯ ಬಿಲ್ಲು, ಸಂಬಳದ ಪಟ್ಟಿ ಮೊದಲಾದವು ಇಂದು ಅಂಚೆಯವನ ಚೀಲದಲ್ಲಿ ಬರುವುದು ಅಪರೂಪ. ಅವು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಡತಗಳಾಗಿ ಸಾಗುತ್ತವೆ. ಅನೇಕ ಸಂಸ್ಥೆಗಳು ಈ ಸಾಗಾಣಿಕೆಗೆಂದೇ ಒಂದು ಕಂಪ್ಯೂಟರನ್ನು ಮೀಸಲಿಟ್ಟಿರುತ್ತವೆ. ಅದಕ್ಕೆ ಫೈಲ್ ಟ್ರಾನ್ಸ್‌ಫರ್ ಸರ್ವರ್ ಎಂದು ಹೆಸರು. ಅದನ್ನು ಬಹುಕಾಲದಿಂದ ಕಾಡುತ್ತಿರುವ ಒಂದು ವ್ಯಾಧಿಯ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ.

ಕಡತ ಸಾಗಿಸುವ ನಿಯಮಾವಳಿಯನ್ನು ಮೊದಲು ಬರೆದವರು ಭಾರತೀಯರೇ ಎಂಬುದು ಹೆಚ್ಚು ಜನರಿಗೆ ತಿಳಿಯದು. ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಎಂ.ಐ.ಟಿ.ಗೆ ಹೋಗಿದ್ದ ಅಭಯ್ ಭೂಷಣ್ ಅವರು 1971ರ ಏಪ್ರಿಲ್‌ನಲ್ಲಿ ಅದನ್ನು ಪ್ರಕಟಿಸಿದರು. ನಾವು ಹೇಳಹೊರಟಿರುವ ದೋಷ ಆ ನಿಯಮಾವಳಿಯದಲ್ಲ. ಅದನ್ನು ಅನುಸರಿಸಿ ಬೇರೆಬೇರೆಯವರು ರಚಿಸಿದ ಸರ್ವರ್ ಪ್ರೋಗ್ರಾಮುಗಳದು.

ಒಂದು ದೊಡ್ಡ ತೊಟ್ಟಿಮನೆಯನ್ನು ಊಹಿಸಿಕೊಳ್ಳಿ. ಅಂಗಳದಿಂದ ಪಡಸಾಲೆ, ಪಡಸಾಲೆಯಿಂದ ನಡುಮನೆ, ಅಲ್ಲಿಂದ ಕೋಣೆ. ಕಂಪ್ಯೂಟರಿನ ಫೋಲ್ಡರುಗಳೂ ಹೀಗೆಯೇ ಒಂದರೊಳಗೊಂದು ಇರುತ್ತವೆ. ಹೊರಗಿನಿಂದ ಬಂದವನಿಗೆ ಒಂದು ಕೋಣೆಯ ಕಾಗದಗಳನ್ನು ಮಾತ್ರ ಕೊಡಬೇಕೆಂಬುದು ಅಪ್ಪಣೆ. ಅವನು ಬೇಕಾದುದನ್ನು ಚೀಟಿಯಲ್ಲಿ ಬರೆದು ಕೊಡುತ್ತಾನೆ. ಒಳಗಿನ ಆಳು ತಂದುಕೊಡುತ್ತಾನೆ. ಆದರೆ ಕಂಪ್ಯೂಟರಿನ ಭಾಷೆಯಲ್ಲಿ ಒಟ್ಟಿಗೆ ಬರೆದ ಎರಡು ಚುಕ್ಕೆಗಳಿಗೆ ‘ಒಂದು ಹೆಜ್ಜೆ ಹೊರಗೆ’ ಎಂಬ ಅರ್ಥವುಂಟು. ಚುಕ್ಕೆ ಚುಕ್ಕೆ, ಒಂದು ಓರೆಗೆರೆ, ಮತ್ತೆ ಚುಕ್ಕೆ ಚುಕ್ಕೆ ಎಂದು ಬರೆಯುತ್ತಾ ಹೋದರೆ ಆಳು ಕೋಣೆಯನ್ನು ದಾಟಿ ಅಂಗಳಕ್ಕೆ ಬಂದು, ಅಲ್ಲಿಂದ ಹಣದ ಪೆಟ್ಟಿಗೆಯಿರುವ ಕೋಣೆಗೂ ಹೋಗಿಬಿಡುತ್ತಾನೆ. ಎಷ್ಟು ಬಾಗಿಲು ದಾಟಬೇಕೆಂದು ಕಳ್ಳನು ತಿಳಿದಿರಬೇಕಾಗಿಯೂ ಇಲ್ಲ. ಅಂಗಳವನ್ನು ಮುಟ್ಟಿದ ಮೇಲೆ ಎಷ್ಟು ಸಲ ‘ಹೊರಗೆ’ ಎಂದರೂ ಆಳು ಅಲ್ಲಿಯೇ ನಿಂತಿರುತ್ತಾನೆ.

ಹಾಗಾದರೆ ಚುಕ್ಕೆಗಳುಳ್ಳ ಚೀಟಿಯನ್ನು ಬಾಗಿಲಲ್ಲೇ ತಡೆಯಬಾರದೇಕೆ? ತಡೆಯುತ್ತಾರೆ. ವಿಷಯದ ಮರ್ಮವಿರುವುದು ಇಲ್ಲಿಯೇ. ಕಾವಲುಗಾರನಿಗೆ ಕನ್ನಡ ಮಾತ್ರ ಬರುತ್ತದೆ, ಒಳಗಿನ ಆಳಿಗೆ ಎರಡು ಭಾಷೆ ಬರುತ್ತದೆ ಎನ್ನೋಣ. ‘ಹೊರಗೆ’ ಎಂದಿದ್ದರೆ ಕಾವಲುಗಾರ ಹಿಡಿಯುತ್ತಾನೆ. ಮರಾಠಿಯಲ್ಲಿ ‘ಬಾಹೇರ್’ ಎಂದಿದ್ದರೆ ಅದಾವುದೋ ಹೆಸರೆಂದು ಒಳಗೆ ಬಿಡುತ್ತಾನೆ. ಆಳು ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡು ಹೊರಟುಬಿಡುತ್ತಾನೆ. ಪರೀಕ್ಷೆ ಮೊದಲು, ಅನುವಾದ ಆಮೇಲೆ! ಮುಂಬಯಿಯ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2024ರ ಜೂನ್ ತಿಂಗಳಲ್ಲಿ ಸೋಲಾರ್‌ವಿಂಡ್ಸ್ ಕಂಪನಿಯ ಸರ್ವ್-ಯು ಎಂಬ ಸರ್ವರಿನಲ್ಲಿ ಬೆಳಕಿಗೆ ಬಂದ ದೋಷ ಈ ಜಾತಿಯದೇ. ಓರೆಗೆರೆಗಳಲ್ಲಿ ಎರಡು ವಿಧ. ವಿಂಡೋಸ್ ಎಡಕ್ಕೆ ಬಾಗಿದುದನ್ನು ಬಳಸುತ್ತದೆ, ಲೈನಕ್ಸ್ ಬಲಕ್ಕೆ ಬಾಗಿದುದನ್ನು. ಸರ್ವ್-ಯು ತಾನಿರುವ ವ್ಯವಸ್ಥೆಗೆ ಸಲ್ಲುವ ಗೆರೆಯೊಡನೆ ಚುಕ್ಕೆಗಳಿದ್ದರೆ ಮಾತ್ರ ತಡೆಯುತ್ತಿತ್ತು. ತಪ್ಪು ಗೆರೆ ಬಂದರೆ ಒಳಗೆ ಬಿಟ್ಟು, ಅನಂತರ ತಾನೇ ಅದನ್ನು ಸರಿಪಡಿಸಿಕೊಳ್ಳುತ್ತಿತ್ತು. ಗುಪ್ತಪದದ ಅಗತ್ಯವೂ ಇಲ್ಲದೆ, ಯಾರು ಬೇಕಾದರೂ ಆ ಕಂಪ್ಯೂಟರಿನ ಕಡತಗಳನ್ನು ಓದಬಹುದಾಗಿತ್ತು. ಕಂಪನಿ ಕೂಡಲೇ ತಿದ್ದುಪಡಿ ಹೊರಡಿಸಿತು. ಆದರೂ ಕಳ್ಳರು ಈ ದಾರಿಯನ್ನು ಬಳಸಿದರೆಂದು ಅಮೆರಿಕದ ಸೈಬರ್ ರಕ್ಷಣಾ ಸಂಸ್ಥೆ ಜುಲೈನಲ್ಲಿ ದಾಖಲಿಸಿತು.

ಇದು ಹೊಸ ಪಾಠವೂ ಅಲ್ಲ. ಮೈಕ್ರೋಸಾಫ್ಟಿನ ವೆಬ್ ಸರ್ವರಿನಲ್ಲಿ ಓರೆಗೆರೆಯನ್ನು ಸಂಕೇತಾಕ್ಷರಗಳಲ್ಲಿ ಮರೆಮಾಡಿ ಬರೆದರೆ ಇದೇ ಬಗೆಯ ಮೋಸ ನಡೆಯುತ್ತಿತ್ತು. ಅದು 2000ದಲ್ಲಿ ಪ್ರಕಟವಾಯಿತು, ಮದ್ದೂ ಆಗಲೇ ಸಿದ್ಧವಿತ್ತು. ಮದ್ದು ಸೇವಿಸದ ಯಂತ್ರಗಳನ್ನು 2001ರ ಸೆಪ್ಟೆಂಬರಿನಲ್ಲಿ ನಿಮ್ಡಾ ಎಂಬ ಹುಳು ಹೊಕ್ಕಿತು.

ಸರಿಯಾದ ಚಿಕಿತ್ಸೆ ಚೀಟಿಯ ಅಕ್ಷರಗಳನ್ನು ಶೋಧಿಸುವುದಲ್ಲ. ಅನುವಾದವೆಲ್ಲ ಮುಗಿದು, ಆಳು ಕೊನೆಗೆ ಯಾವ ಕೋಣೆಯಲ್ಲಿ ನಿಲ್ಲುವನೆಂಬುದನ್ನು ಲೆಕ್ಕಹಾಕಿ, ಆ ಕೋಣೆ ಅಪ್ಪಣೆಯೊಳಗಿದೆಯೇ ಎಂದು ನೋಡಬೇಕು. ಇಲ್ಲಿಯೂ ಒಂದು ಬಲೆಯುಂಟು: ‘ರಾಮ’ ಎಂಬ ಕೋಣೆಗೆ ಮಾತ್ರ ಪ್ರವೇಶವೆಂದು ಮೊದಲ ಎರಡು ಅಕ್ಷರಗಳನ್ನಷ್ಟೇ ನೋಡಿದರೆ ‘ರಾಮಣ್ಣ’ನ ಕೋಣೆಯೂ ತೆರೆದುಕೊಳ್ಳುತ್ತದೆ. ಇದಲ್ಲದೆ ಯೂನಿಕ್ಸ್ ವ್ಯವಸ್ಥೆಯಲ್ಲಿ ಆಳಿಗೆ ಆ ಕೋಣೆಯನ್ನೇ ಇಡೀ ಮನೆಯೆಂದು ನಂಬಿಸುವ ಏರ್ಪಾಡಿದೆ. ಆಗ ಹೊರಗೆ ಹೋಗಲು ಅವನಿಗೆ ಬಾಗಿಲೇ ಕಾಣದು. ನನಗೆ ಇದೇ ಹೆಚ್ಚು ಭರವಸೆಯದೆಂದು ತೋರುತ್ತದೆ; ಆದರೆ ಆಳಿಗೆ ಯಜಮಾನನ ಅಧಿಕಾರವನ್ನು ಕೊಟ್ಟಿರಬಾರದು.

ಔಷಧಾಲಯ, ಪ್ರಯೋಗಶಾಲೆ ಅಥವಾ ಕಚೇರಿಯಲ್ಲಿ ಇಂಥ ಸರ್ವರಿನ ಹೊಣೆ ಹೊತ್ತಿರುವ ಓದುಗರು ಅದರ ಆವೃತ್ತಿ ಯಾವುದು, ಕೊನೆಯ ತಿದ್ದುಪಡಿ ಎಂದು ಹಾಕಲಾಯಿತು ಎಂದು ಸರಬರಾಜುದಾರರನ್ನು ಬರವಣಿಗೆಯಲ್ಲಿ ಕೇಳತಕ್ಕದ್ದು. ಈ ದಾರಿಯಿಂದ ಬಂದವನು ಓದಬಲ್ಲುದು ಆ ಯಂತ್ರದಲ್ಲಿ ಅಂದು ಇರುವ ಕಡತಗಳನ್ನು ಮಾತ್ರ. ಆದುದರಿಂದ ರೋಗಿಯ ವರದಿ ಸೇರಬೇಕಾದಲ್ಲಿ ಸೇರಿತೆಂದು ಖಚಿತವಾದೊಡನೆ ಸರ್ವರಿನಲ್ಲಿರುವ ಪ್ರತಿಯನ್ನು ಅಳಿಸಿಬಿಡಬೇಕು.